ವೇಪ್ ನಿಷೇಧವಾಗಿ ಆರು ವರ್ಷ: 'ಯಾವುದು ಸೇಫ್?' ಅಂತ ಕೇಳುವ ಹೊಸಕೋಟೆ ಹುಡುಗರಿಗೆ ಉತ್ತರ ಕೊಡೋರು ಯಾರು?

2025ರ ಡಿಸೆಂಬರ್ 11ರಂದು ಲೋಕಸಭೆಯಲ್ಲಿ ಬಿಜೆಪಿ ಸಂಸದ ಅನುರಾಗ್ ಠಾಕೂರ್ ಎದ್ದು ನಿಂತು, ತೃಣಮೂಲ ಕಾಂಗ್ರೆಸ್‌ನ ಸಂಸದರೊಬ್ಬರು ಸದನದಲ್ಲಿ ಇ-ಸಿಗರೇಟ್ ಸೇದುತ್ತಿದ್ದಾರೆ ಎಂದು ಆರೋಪ ಮಾಡಿದರು. ಆಮೇಲೆ ಎರಡು ಮೂರು ದಿನ ಟಿವಿಯಲ್ಲಿ ಅದೇ ಗಲಾಟೆ. 'ಬ್ಯಾನ್ ಆಗಿರೋ ವಸ್ತು ಸಂಸತ್ತಿನೊಳಗೆ ಹೇಗೆ ಬಂತು?' ಅಂತ ಒಬ್ಬರು, 'ಸಾಕ್ಷಿ ಎಲ್ಲಿದೆ?' ಅಂತ ಇನ್ನೊಬ್ಬರು. ಅದನ್ನು ಮಾರಿದ್ದು ಯಾರು ಅನ್ನುವ ಪ್ರಶ್ನೆ ಮಾತ್ರ ಚರ್ಚೆಗೇ ಬರಲಿಲ್ಲ.

ಆ ಪ್ರಶ್ನೆ ದೆಹಲಿಗಿಂತ ನಮ್ಮೂರುಗಳಿಗೆ ಹೆಚ್ಚು ಮುಖ್ಯ. ಯಾಕೆಂದರೆ ವೇಪ್ ಈಗ ಸಂಸದರ ಚಟವಾಗಿ ಮಾತ್ರ ಉಳಿದಿಲ್ಲ. ಪಿಯುಸಿ ಹುಡುಗರ ಬ್ಯಾಗಿನಲ್ಲಿ, ಪಿಜಿ ರೂಮುಗಳಲ್ಲಿ, ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಜಾವದ ಬಿರಿಯಾನಿಗೆ ಹೊಸಕೋಟೆಗೆ ಬೈಕ್ ಓಡಿಸಿಕೊಂಡು ಬರುವವರ ಜೇಬಿನಲ್ಲಿ ಇದು ಇದೆ. ದೊಡ್ಡ ದೊಡ್ಡ ಮೋಡದಂತೆ ಹೊಗೆ ಬಿಡುವುದೇ ಒಂದು ಆಟ. ಇಂಗ್ಲಿಷಿನವರು 'ಕ್ಲೌಡ್ ಚೇಸಿಂಗ್' ಅಂತಾರೆ. ಇನ್‌ಸ್ಟಾಗ್ರಾಂ ರೀಲ್ಸ್ ನೋಡಿ ಇದನ್ನು ಕಲಿತವರು ಕೇಳುವ ಮೊದಲ ಪ್ರಶ್ನೆ: 'ಬ್ರೋ, ದೊಡ್ಡ ಹೊಗೆ ಬರ್ಬೇಕು, ಯಾವ ಡಿವೈಸ್ ಸೇಫ್?'

ಪ್ರಶ್ನೆ ದಡ್ಡತನದ್ದೇನೂ ಅಲ್ಲ. ಆದರೆ ಅದಕ್ಕೆ ಉತ್ತರ ಕೊಡುತ್ತಿರುವುದು ಆ ಮಾಲನ್ನು ಮಾರುವವನು ಮಾತ್ರ. ಸರ್ಕಾರದ ಉತ್ತರ 'ಬ್ಯಾನ್ ಆಗಿದೆ' ಅನ್ನುವ ಎರಡು ಪದಗಳಿಗೆ ಮುಗಿಯುತ್ತದೆ.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಇ-ಸಿಗರೇಟ್ ವಿಚಾರದಲ್ಲಿ ಕರ್ನಾಟಕ ಕೇಂದ್ರಕ್ಕಿಂತ ಮುಂದಿತ್ತು. 2016ರ ಜೂನ್‌ನಲ್ಲೇ ರಾಜ್ಯದ ಆರೋಗ್ಯ ಇಲಾಖೆ ಮಾರಾಟಕ್ಕೆ ತಡೆ ಹಾಕಿತು. ಕೇಂದ್ರ ಆರೋಗ್ಯ ಸಚಿವಾಲಯ 2018ರ ಆಗಸ್ಟ್‌ನಲ್ಲಿ ರಾಜ್ಯಗಳಿಗೆ ಸಲಹೆ ಕಳಿಸಿತು. 2019ರ ಮೇ ತಿಂಗಳಲ್ಲಿ ಐಸಿಎಂಆರ್ ಸಂಪೂರ್ಣ ನಿಷೇಧಕ್ಕೆ ಶಿಫಾರಸು ಮಾಡಿತು. ಸೆಪ್ಟೆಂಬರ್ 18ರಂದು ಕೇಂದ್ರ ಸಂಪುಟ ಸುಗ್ರೀವಾಜ್ಞೆಗೆ ಒಪ್ಪಿತು, ಅದನ್ನು ಪ್ರಕಟಿಸಿದವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್. ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು.

ಕಾಯ್ದೆ ಬಿಗಿಯಾಗಿಯೇ ಇದೆ. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. 'ನಂದು ನಿಕೋಟಿನ್ ಫ್ರೀ, ಲೀಗಲ್' ಎಂದು ಮಾರುವವನ ಮಾತು ನಂಬಬೇಡಿ. ನಿಕೋಟಿನ್ ಇರಲಿ, ಇಲ್ಲದಿರಲಿ, ಬಿಸಿ ಮಾಡಿ ಆವಿ ಎಳೆಯುವ ಎಲೆಕ್ಟ್ರಾನಿಕ್ ಸಾಧನ ಈ ವ್ಯಾಖ್ಯಾನದೊಳಗೇ ಬರುತ್ತದೆ. ಇಡೀ ಸಾಧನ ಮಾತ್ರವಲ್ಲ, ಅದರ ಬಿಡಿಭಾಗಕ್ಕೂ ಇದೇ ನಿಯಮ.

ಆದರೆ ಆ ನಿಷೇಧದ ಪಟ್ಟಿಯಲ್ಲಿ 'ಸೇದುವುದು' ಎಂಬ ಪದ ಇಲ್ಲ. ಅಂದರೆ ಲೋಕಸಭೆಯಲ್ಲಿ ಅಷ್ಟೊಂದು ಗದ್ದಲ ಎಬ್ಬಿಸಿದ ಕೆಲಸವನ್ನು ಈ ಕಾಯ್ದೆ ನೇರವಾಗಿ ಹೆಸರಿಸಿಯೇ ಇಲ್ಲ. ಕಾಯ್ದೆಯ ಗುರಿ ವ್ಯಾಪಾರ. ಅದು ಸರಿಯಾದ ಗುರಿಯೇ. ಪ್ರಶ್ನೆ ಇರುವುದು ಗುರಿ ಇಟ್ಟ ಮೇಲೆ ಬಾಣ ಎಲ್ಲಿ ಹೋಗಿ ನಾಟುತ್ತಿದೆ ಎಂಬಲ್ಲಿ.

ಹೊಸಕೋಟೆ ಯಾಕೆ?

ನಕ್ಷೆ ತೆಗೆದು ನೋಡಿ. ಕೋಲಾರದ ಕಡೆ ಹೋಗುವ ರಾಷ್ಟ್ರೀಯ ಹೆದ್ದಾರಿ 75 ಇಲ್ಲೇ ಹಾದುಹೋಗುತ್ತದೆ. ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿ ಸುತ್ತಿಕೊಂಡು ಬರುವ ಸ್ಯಾಟಲೈಟ್ ಟೌನ್ ರಿಂಗ್ ರಸ್ತೆ ಇಲ್ಲಿಗೇ ಬಂದು ಸೇರುತ್ತದೆ. ಬೆಂಗಳೂರು-ಚೆನ್ನೈ ಎಕ್ಸ್‌ಪ್ರೆಸ್‌ವೇ ಶುರುವಾಗುವುದೂ ಇಲ್ಲಿಂದಲೇ. ಪಕ್ಕದ ತಾಲ್ಲೂಕಿನಲ್ಲಿ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ. ರಾಗಿ, ತರಕಾರಿ ಬೆಳೆಯುತ್ತಿದ್ದ ಹೊಲಗಳ ಜಾಗದಲ್ಲಿ ಈಗ ತಗಡಿನ ದೊಡ್ಡ ದೊಡ್ಡ ಗೋದಾಮುಗಳು ನಿಂತಿವೆ. ಬೆಂಗಳೂರಿನ ಮನೆ ಬಾಗಿಲಿಗೆ ಬರುವ ಪಾರ್ಸೆಲ್‌ಗಳಲ್ಲಿ ಎಷ್ಟೋ ಈ ತಾಲ್ಲೂಕಿನ ಗೋದಾಮುಗಳಲ್ಲಿ ಒಂದು ರಾತ್ರಿ ಕಳೆದೇ ಮುಂದಕ್ಕೆ ಹೋಗುತ್ತವೆ.

ಇಲ್ಲಿನ ಯಾವುದೋ ಗೋದಾಮಿನಲ್ಲಿ ವೇಪ್ ಬಚ್ಚಿಟ್ಟಿದ್ದಾರೆ ಅನ್ನುವುದು ನನ್ನ ಮಾತಿನ ಅರ್ಥವಲ್ಲ. ಕಾಯ್ದೆಯ 5ನೇ ಸೆಕ್ಷನ್ ಓದಿದರೆ ಹೊಸಕೋಟೆಯಂಥ ಊರು ಯಾಕೆ ಮುಖ್ಯ ಅಂತ ತಿಳಿಯುತ್ತದೆ. ಜಾಗದ ಮಾಲೀಕನೋ, ಅದನ್ನು ಬಳಸುವವನೋ ಗೊತ್ತಿದ್ದೂ ಇ-ಸಿಗರೇಟ್ ದಾಸ್ತಾನಿಗೆ ಅವಕಾಶ ಕೊಟ್ಟರೆ ಅದೂ ಅಪರಾಧ. ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ. ಸಬ್ ಇನ್‌ಸ್ಪೆಕ್ಟರ್ ದರ್ಜೆಯ ಅಧಿಕಾರಿಯೂ ತಪಾಸಣೆ ಮಾಡಬಹುದು. ಅಂದರೆ ಈ ಕಾಯ್ದೆ ನಿಜವಾಗಿ ಕೆಲಸ ಮಾಡಬೇಕಾದ ಜಾಗ ಕಾಲೇಜಿನ ಗೇಟ್ ಅಲ್ಲ. ಬಂದರು, ವಿಮಾನ ನಿಲ್ದಾಣ, ಹೆದ್ದಾರಿ, ಗೋದಾಮು.

ಅಲ್ಲಿ ಹಿಡಿದರೆ ಎಷ್ಟು ಸಿಗುತ್ತದೆ ಅನ್ನುವುದಕ್ಕೆ ಉದಾಹರಣೆ ಇದೆ. 2022ರ ಸೆಪ್ಟೆಂಬರ್‌ನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಗುಜರಾತಿನ ಮುಂದ್ರಾ ಬಂದರಿನಲ್ಲಿ 2 ಲಕ್ಷಕ್ಕೂ ಹೆಚ್ಚು ಇ-ಸಿಗರೇಟ್ ವಶಪಡಿಸಿಕೊಂಡಿತು. ಬೆಲೆ ಸುಮಾರು 48 ಕೋಟಿ ರೂಪಾಯಿ. ಅಷ್ಟು ಮಾಲು ಯಾರೋ ಒಬ್ಬನ ಶೋಕಿಗೆ ಬರುವುದಿಲ್ಲ. ಅದಕ್ಕೆ ಆಮದುದಾರ, ಏಜೆಂಟ್, ಲಾರಿ, ಗೋದಾಮು, ಟೆಲಿಗ್ರಾಂ ಗ್ರೂಪು, ಕೊನೆಗೆ ಬೈಕಿನಲ್ಲಿ ತಂದುಕೊಡುವ ಹುಡುಗ ಎಲ್ಲರೂ ಬೇಕು.

ಈ ಸರಪಳಿಯಲ್ಲಿ ಸುಲಭಕ್ಕೆ ಸಿಗುವವನು ಕೊನೆಯವನು. ಸಾಗಣೆಯೂ ಅಪರಾಧವಾದ್ದರಿಂದ, ಡಬ್ಬದೊಳಗೆ ಏನಿದೆ ಅಂತ ಗೊತ್ತಿಲ್ಲದೆ ಪಾರ್ಸೆಲ್ ಹೊತ್ತ ಡೆಲಿವರಿ ಹುಡುಗ ಪೊಲೀಸರ ಮುಂದೆ ನಿಲ್ಲಬೇಕಾಗುತ್ತದೆ. ಗಿಗ್ ಕಾರ್ಮಿಕರಿಗಾಗಿ 2025ರಲ್ಲಿ ಕಾನೂನು ತಂದ ರಾಜ್ಯ ನಮ್ಮದು. 'ಮಾಲು ನಿಮ್ಮ ಆ್ಯಪ್‌ನಲ್ಲಿ ಬುಕ್ ಆಗಿದೆ, ಜವಾಬ್ದಾರಿಯೂ ನಿಮ್ಮದು' ಅಂತ ಕಂಪನಿಗಳಿಗೆ ಹೇಳದಿದ್ದರೆ ಈ ನಿಷೇಧದ ಭಾರ ಕೂಡ ಬಡವನ ಬೆನ್ನಿಗೇ ಬೀಳುತ್ತದೆ.

ದೊಡ್ಡ ಹೊಗೆಯ ಲೆಕ್ಕ

ಈಗ ಹುಡುಗರ ಪ್ರಶ್ನೆಗೆ ಬರೋಣ. ಪಿಯುಸಿ ಭೌತಶಾಸ್ತ್ರದ ಓಮ್ ನಿಯಮ ನೆನಪಿದ್ದರೆ ಸಾಕು.

ಹೊಗೆ ದೊಡ್ಡದಾಗಬೇಕಾದರೆ ಒಂದೇ ಸಲಕ್ಕೆ ಹೆಚ್ಚು ದ್ರವ ಆವಿಯಾಗಬೇಕು. ಅದಕ್ಕೆ ಹೆಚ್ಚು ಶಾಖ, ಶಾಖಕ್ಕೆ ಹೆಚ್ಚು ಕರೆಂಟ್ ಬೇಕು. ಹಾಗಾಗಿ ಕ್ಲೌಡ್ ಚೇಸಿಂಗ್ ಮಾಡುವವರು ರೋಧ 1 ಓಮ್‌ಗಿಂತ ಕಡಿಮೆ ಇರುವ ಕಾಯಿಲ್ ಹಾಕುತ್ತಾರೆ. ಪೂರ್ತಿ ಚಾರ್ಜ್ ಆದ ಲಿಥಿಯಂ ಸೆಲ್‌ನ ವೋಲ್ಟೇಜ್ 4.2. ಅದಕ್ಕೆ 0.2 ಓಮ್ ಕಾಯಿಲ್ ಜೋಡಿಸಿದರೆ 21 ಆಂಪಿಯರ್ ಹರಿಯುತ್ತದೆ, ಶಕ್ತಿ ಸುಮಾರು 88 ವ್ಯಾಟ್. ಕಾಯಿಲ್ 0.1 ಓಮ್ ಆದರೆ 42 ಆಂಪಿಯರ್. ಇಂಥ ಸಾಧನಗಳಲ್ಲಿ ಹಾಕುವ 18650 ಅಳತೆಯ ಒಳ್ಳೆಯ ಸೆಲ್‌ಗಳೇ ಸತತವಾಗಿ ತಡೆದುಕೊಳ್ಳುವುದು ಸುಮಾರು 20ರಿಂದ 25 ಆಂಪಿಯರ್. ಮಿತಿ ದಾಟಿದರೆ ಸೆಲ್ ಕಾಯುತ್ತದೆ, ಒಳಗೆ ಅನಿಲ ತುಂಬುತ್ತದೆ, ಹೊತ್ತಿಕೊಳ್ಳುತ್ತದೆ ಅಥವಾ ಸಿಡಿಯುತ್ತದೆ.

ಸಾಧನದಲ್ಲಿ ನಿಯಂತ್ರಣ ಚಿಪ್ ಇದ್ದರೆ ಅದು ಶಾರ್ಟ್ ಸರ್ಕ್ಯೂಟ್ ಆದಾಗ, ಬಿಸಿ ಜಾಸ್ತಿಯಾದಾಗ ಕರೆಂಟ್ ನಿಲ್ಲಿಸುತ್ತದೆ. 'ಮೆಕ್ಯಾನಿಕಲ್ ಮಾಡ್' ಅಂತ ಹೆಸರಿರುವ ಸಾಧನದಲ್ಲಿ ಚಿಪ್ಪೇ ಇಲ್ಲ. ಲೋಹದ ಕೊಳವೆ, ಒಂದು ಬಟನ್, ಒಳಗೆ ಸೆಲ್, ಅಷ್ಟೇ. ಏನಾದರೂ ತಪ್ಪಾದರೆ ತಡೆಯುವವರು ಯಾರೂ ಇಲ್ಲ. ಅಮೆರಿಕದಲ್ಲಿ 2018ರಲ್ಲಿ ಫ್ಲಾರಿಡಾದ ಒಬ್ಬ, 2019ರಲ್ಲಿ ಟೆಕ್ಸಸ್‌ನ ಇನ್ನೊಬ್ಬ ಯುವಕ ವೇಪ್ ಸಿಡಿದು ಸತ್ತರು. ಅಲ್ಲಿನ ಅಗ್ನಿಶಾಮಕ ಆಡಳಿತ 2009ರಿಂದ 2016ರವರೆಗೆ ಇಂಥ 195 ಬೆಂಕಿ ಮತ್ತು ಸ್ಫೋಟದ ಪ್ರಕರಣಗಳನ್ನು ಲೆಕ್ಕಹಾಕಿದೆ. ಬಳಸುವಾಗ ಮಾತ್ರವಲ್ಲ, ಸುಮ್ಮನೆ ಪ್ಯಾಂಟಿನ ಜೇಬಿನಲ್ಲಿದ್ದಾಗಲೂ ಸಿಡಿದಿವೆ. ಬಿಡಿ ಸೆಲ್ ಜೊತೆ ಬೈಕ್ ಕೀ, ಚಿಲ್ಲರೆ ಕಾಸು ಇದ್ದರೆ ಶಾರ್ಟ್ ಆಗೋಕೆ ಅಷ್ಟೇ ಸಾಕು.

ಅಮೆರಿಕದಲ್ಲಿ, ಬ್ರಿಟನ್ನಿನಲ್ಲಿ ಈ ಮಾತಿಗೆ ಒಂದು ಮುಂದುವರಿಕೆ ಇರುತ್ತದೆ: ಚಿಪ್ ಇರುವುದನ್ನೇ ಆರಿಸಿ, ಹೆಸರಾಂತ ಕಂಪನಿಯ ಸೆಲ್ ತಗೊಳ್ಳಿ, ಹೊದಿಕೆ ಹರಿದ ಸೆಲ್ ಎಸೆಯಿರಿ, ಕಾಯಿಲ್ ರೋಧ ಅಳೆದು ನೋಡಿ. ಸಲಹೆಗಳೇನೋ ಸರಿ. ಆದರೆ ನಮ್ಮಲ್ಲಿ ಇವನ್ನು ಪಾಲಿಸೋದು ಹೇಗೆ?

ನೀವು ಅಂಗಡಿಯಲ್ಲಿ ಪವರ್ ಬ್ಯಾಂಕ್ ತಗೊಂಡರೆ ಅದರ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು. ಮೊಬೈಲ್ ಬ್ಯಾಟರಿಗೂ ಅದು ಕಡ್ಡಾಯ. ಸುಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ವೇಪ್‌ಗೆ ಇವ್ಯಾವುವೂ ಇಲ್ಲ, ಇರೋಕೂ ಸಾಧ್ಯವಿಲ್ಲ. ಕಾನೂನಿನ ಕಣ್ಣಿನಲ್ಲಿ ಆ ವಸ್ತು ಮಾರುಕಟ್ಟೆಯಲ್ಲೇ ಇಲ್ಲ. ಇಲ್ಲದ ವಸ್ತುವಿನ ಗುಣಮಟ್ಟ ಪರೀಕ್ಷೆ ಮಾಡೋದು ಯಾರು? 18650 ಸೆಲ್ ಮೇಲೆ '9900 ಎಂಎಎಚ್' ಅಂತ ಅಚ್ಚು ಹಾಕಿ ಮಾರುತ್ತಾರೆ. ಅಸಲಿ ಸೆಲ್‌ಗಳ ಸಾಮರ್ಥ್ಯ ಸಾಮಾನ್ಯವಾಗಿ 2,000ದಿಂದ 3,500. ಸಾಮರ್ಥ್ಯದಲ್ಲೇ ಇಷ್ಟು ಸುಳ್ಳು ಹೇಳುವವನು ಆಂಪಿಯರ್ ವಿಚಾರದಲ್ಲಿ ಸತ್ಯ ಹೇಳ್ತಾನಾ?

ದ್ರವದೊಳಗೆ ಏನಿದೆ?

ಬ್ಯಾಟರಿಯದು ಕಣ್ಣಿಗೆ ಕಾಣುವ ಅಪಾಯ. ದ್ರವದ್ದು ಕಾಣುವುದಿಲ್ಲ.

ವೇಪ್ ದ್ರವದ ಮೂಲ ವಸ್ತುಗಳು ಎರಡು: ಗ್ಲಿಸರಿನ್ ಮತ್ತು ಪ್ರೊಪಿಲೀನ್ ಗ್ಲೈಕಾಲ್. ಗ್ಲಿಸರಿನ್ ಹೆಚ್ಚಿದ್ದಷ್ಟೂ ಹೊಗೆ ದಟ್ಟ. ತುಂಬಾ ಬಿಸಿಯಾದಾಗ, ಅದರಲ್ಲೂ ದ್ರವ ಮುಗಿದು ಬತ್ತಿ ಒಣಗಿದಾಗ, ಇವೇ ಒಡೆದು ಫಾರ್ಮಾಲ್ಡಿಹೈಡ್, ಅಕ್ರೋಲಿನ್‌ನಂಥ ವಿಷಗಳಾಗುತ್ತವೆ. ಇದಕ್ಕೆ ಫ್ಲೇವರ್, ನಿಕೋಟಿನ್ ಸೇರುತ್ತವೆ. ಸಣ್ಣ ಡಿಸ್ಪೋಸಬಲ್ ವೇಪ್‌ಗಳಲ್ಲಿ ಹಾಕುವ ನಿಕೋಟಿನ್ ಸಾಲ್ಟ್ ಬಲು ಗಟ್ಟಿ, ಒಂದು ಮಿಲಿಲೀಟರ್‌ಗೆ 50 ಮಿಲಿಗ್ರಾಂವರೆಗೂ ಇರುತ್ತದೆ. ಬ್ರಿಟನ್, ಯುರೋಪ್‌ನಲ್ಲಿ ಕಾನೂನಿನ ಮಿತಿ 20. ಅದೇ ಗಟ್ಟಿ ದ್ರವವನ್ನು ದೊಡ್ಡ ಹೊಗೆಯ ಸಾಧನಕ್ಕೆ ಸುರಿದರೆ ಒಂದೊಂದು ಎಳೆತಕ್ಕೂ ಎಷ್ಟೋ ಪಟ್ಟು ನಿಕೋಟಿನ್ ಒಳಗೆ ಹೋಗುತ್ತದೆ. ತಲೆಸುತ್ತು, ವಾಂತಿ, ಎದೆಬಡಿತ ಶುರುವಾಗುತ್ತದೆ. ಫ್ರೆಂಡ್ಸು 'ಕಿಕ್ ಹೊಡೀತು' ಅಂತ ನಗುತ್ತಾರೆ. ವೈದ್ಯರು ಅದನ್ನು ನಿಕೋಟಿನ್ ವಿಷಬಾಧೆ ಅಂತಾರೆ.

ದ್ರವದಲ್ಲಿ ಕಲಬೆರಕೆ ಆದರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕ 2019ರಲ್ಲಿ ನೋಡಿತು. ಗಾಂಜಾದ ಅಂಶವಿದ್ದ ಕಳ್ಳ ಮಾರುಕಟ್ಟೆಯ ವೇಪ್‌ಗಳಿಗೆ ವಿಟಮಿನ್ ಇ ಅಸಿಟೇಟ್ ಬೆರೆಸಿದ್ದೇ ಮುಖ್ಯ ಕಾರಣವೆಂದು ಗುರುತಿಸಿದ ಶ್ವಾಸಕೋಶದ ಕಾಯಿಲೆಯಿಂದ 2020ರ ಫೆಬ್ರವರಿ ಹೊತ್ತಿಗೆ 2,807 ಜನ ಆಸ್ಪತ್ರೆ ಸೇರಿದ್ದರು, 68 ಜನ ಸತ್ತಿದ್ದರು.

ನಮ್ಮ ದೇಶದ ಉದಾಹರಣೆ ಇನ್ನೂ ಹತ್ತಿರದ್ದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ 20ಕ್ಕೂ ಹೆಚ್ಚು ಮಕ್ಕಳ ಜೀವ ತೆಗೆದ ಕೆಮ್ಮಿನ ಸಿರಪ್ ತಯಾರಾಗಿದ್ದು ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ. ಅದರಲ್ಲಿ ಸಿಕ್ಕ ವಿಷ ಡೈಎಥಿಲೀನ್ ಗ್ಲೈಕಾಲ್. ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್ ಕಳಪೆಯಾಗಿದ್ದರೆ ಸೇರಿಕೊಳ್ಳುವ ವಿಷ ಇದು. ಲೈಸೆನ್ಸ್ ಇದ್ದ, ಡ್ರಗ್ ಇನ್‌ಸ್ಪೆಕ್ಟರ್ ಇದ್ದ ಔಷಧಿಯ ಕಥೆಯೇ ಹೀಗೆ. ಹೆಸರು, ಊರು, ಬ್ಯಾಚ್ ನಂಬರ್ ಯಾವುದೂ ಇಲ್ಲದ ಮಾವಿನ ಹಣ್ಣಿನ ಫ್ಲೇವರ್ ಬಾಟಲಿಯ ಕಥೆ ಏನಿರಬಹುದು, ನೀವೇ ಯೋಚಿಸಿ.

ಹಾಗಾಗಿ 'ದೊಡ್ಡ ಹೊಗೆಗೆ ಯಾವ ಡಿವೈಸ್ ಸೇಫ್?' ಅನ್ನುವುದಕ್ಕೆ ಪ್ರಾಮಾಣಿಕ ಉತ್ತರ ಇದು: ಇಂದು ಕರ್ನಾಟಕದಲ್ಲಿ ನೀವು ಸೇಫ್ ಅಂತ ಖಾತ್ರಿ ಮಾಡಿಕೊಳ್ಳಬಹುದಾದ ಒಂದೇ ಒಂದು ಸಾಧನವೂ ಇಲ್ಲ. ಈಗಾಗಲೇ ಕೈಯಲ್ಲಿ ಇದ್ದವರು ಕನಿಷ್ಠ ಇಷ್ಟು ಮಾಡಿ: ಚಿಪ್ ಇಲ್ಲದ್ದನ್ನು ಮುಟ್ಟಬೇಡಿ, ಬಿಡಿ ಸೆಲ್ ಜೇಬಿಗೆ ಹಾಕಬೇಡಿ, ದಿಂಬಿನ ಪಕ್ಕ ಚಾರ್ಜಿಗೆ ಇಟ್ಟು ಮಲಗಬೇಡಿ, ಉಬ್ಬಿದ ಅಥವಾ ಬಿಸಿಯಾಗುವ ಬ್ಯಾಟರಿ ಬಳಸಬೇಡಿ. ಇದರಿಂದ ಅಪಾಯ ಸ್ವಲ್ಪ ಕಡಿಮೆಯಾಗಬಹುದು, ಹೋಗುವುದಿಲ್ಲ.

ಹಂಗಾದ್ರೆ ನಿಷೇಧ ತೆಗೆದುಬಿಡಬೇಕಾ?

ಇಲ್ಲಿ ಎರಡು ಗುಂಪು ಎರಡು ಅರ್ಧಸತ್ಯ ಹೇಳುತ್ತವೆ.

ಮೊದಲನೆಯದು ವೇಪ್ ಪರ ಗುಂಪು. ಇಂಗ್ಲೆಂಡ್ ಸರ್ಕಾರವೇ 2023ರಲ್ಲಿ 10 ಲಕ್ಷ ಧೂಮಪಾನಿಗಳಿಗೆ ವೇಪ್ ಕಿಟ್ ಕೊಡುವ ಯೋಜನೆ ಘೋಷಿಸಿತು, ಸಿಗರೇಟ್ ಬಿಡೋಕೆ ನಿಕೋಟಿನ್ ಗಮ್‌ಗಿಂತ ವೇಪ್ ಹೆಚ್ಚು ಸಹಾಯ ಮಾಡುತ್ತದೆ ಎಂದು ಕಾಕ್ರೇನ್ ಅಧ್ಯಯನ ಪರಿಶೀಲನೆ ಹೇಳಿದೆ ಅಂತ ವಾದಿಸುತ್ತಾರೆ. ಎರಡೂ ನಿಜ. ಆದರೆ ಅದು ವಯಸ್ಕ ಧೂಮಪಾನಿಗಳ ಮಾತು, ನಿಕೋಟಿನ್‌ಗೆ ಮಿತಿ ಇರುವ, ನೋಂದಾಯಿತ ಸಾಧನಗಳ ಮಾತು. ಜೀವಮಾನದಲ್ಲಿ ಒಂದು ಸಿಗರೇಟೂ ಮುಟ್ಟದ 17ರ ಹುಡುಗನ ಕೈಗೆ 80 ವ್ಯಾಟ್‌ನ ಯಂತ್ರ ಕೊಡಲು ಅದು ಸಮರ್ಥನೆ ಆಗುವುದಿಲ್ಲ. ಆ ಬ್ರಿಟನ್ ಕೂಡ 2025ರ ಜೂನ್ 1ರಿಂದ ಡಿಸ್ಪೋಸಬಲ್ ವೇಪ್ ನಿಷೇಧಿಸಿದೆ. ಜಗತ್ತಿನ ವೇಪ್‌ಗಳಲ್ಲಿ ಬಹುಪಾಲು ತಯಾರಿಸುವ ಚೀನಾ, ಹಣ್ಣು-ಕ್ಯಾಂಡಿ ಫ್ಲೇವರ್‌ಗಳನ್ನು ತನ್ನ ಜನಕ್ಕೆ ಮಾರುವುದನ್ನು 2022ರ ಅಕ್ಟೋಬರ್‌ನಿಂದ ನಿಲ್ಲಿಸಿ, ರಫ್ತು ಮುಂದುವರಿಸಿದೆ. ತಮ್ಮ ಮಕ್ಕಳಿಗೆ ಬೇಡವಾದದ್ದು ಬೇರೆಯವರ ಮಕ್ಕಳಿಗೆ!

ಎರಡನೆಯದು ಸರ್ಕಾರ. ಯುವಜನರ ಆರೋಗ್ಯಕ್ಕಾಗಿ ನಿಷೇಧ ಅನ್ನುತ್ತದೆ. ಆದರೆ ದೇಶದಲ್ಲಿ ವರ್ಷಕ್ಕೆ ಸುಮಾರು 13 ಲಕ್ಷ ಜನರನ್ನು ಕೊಲ್ಲುವ ತಂಬಾಕು ಪೆಟ್ಟಿಗೆ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುತ್ತದೆ. 2016-17ರ ಸಮೀಕ್ಷೆ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ 22.8 ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ನಿಷೇಧ ಪ್ರಕಟವಾದ ದಿನ ಐಟಿಸಿ ಷೇರು ಏರಿತು. ಆ ಕಂಪನಿಯಲ್ಲಿ ಸರ್ಕಾರಿ ಸ್ವಾಮ್ಯದ ಎಲ್‌ಐಸಿಗೆ ದೊಡ್ಡ ಪಾಲಿದೆ. ಹುಣಸೂರು, ಪಿರಿಯಾಪಟ್ಟಣದ ರೈತರು ಬೆಳೆಯುವ ವರ್ಜೀನಿಯಾ ತಂಬಾಕನ್ನು ಕೇಂದ್ರದ ತಂಬಾಕು ಮಂಡಳಿಯೇ ಹರಾಜು ಹಾಕಿಸುತ್ತದೆ. ಒಂದು ಹೊಗೆಯಿಂದ ಆದಾಯ, ಇನ್ನೊಂದು ಹೊಗೆಗೆ ಜೈಲು. ಈ ಇಬ್ಬಂದಿತನವನ್ನು ಹುಡುಗರು ಗಮನಿಸುವುದಿಲ್ಲ ಅಂದುಕೊಂಡರೆ ಅದು ನಮ್ಮ ಮೂರ್ಖತನ. 'ಬ್ಯಾನ್' ಅನ್ನುವ ಮಾತಿಗೆ ಬೆಲೆ ಹೋಗುವುದು ಹೀಗೇ.

ನನ್ನ ಪ್ರಕಾರ ನಿಷೇಧ ಇರಲಿ. ಕೆಮ್ಮಿನ ಸಿರಪ್ಪನ್ನೇ ಸರಿಯಾಗಿ ಪರೀಕ್ಷಿಸಲಾಗದ ವ್ಯವಸ್ಥೆಗೆ ಇಡೀ ವೇಪ್ ಮಾರುಕಟ್ಟೆ ವಹಿಸಿಕೊಟ್ಟರೆ ಗತಿ ಏನು? ಆದರೆ ನಿಷೇಧ ಅಂದರೆ ಮೌನ ಅಲ್ಲ.

ಮೌನಕ್ಕೆ ಬದಲು ಏನು?

ರಾಜ್ಯಕ್ಕೆ ಕೆಲಸ ಮಾಡೋಕೆ ಬರುತ್ತದೆ. ಹುಕ್ಕಾ ವಿಚಾರದಲ್ಲಿ ಅದನ್ನು ನೋಡಿದ್ದೇವೆ. 2023ರ ಅಕ್ಟೋಬರ್‌ನಲ್ಲಿ ಕೋರಮಂಗಲದ ಕಟ್ಟಡವೊಂದರಲ್ಲಿ ಬೆಂಕಿ ಬಿದ್ದ ಮೇಲೆ ಚರ್ಚೆ ಬಿಸಿಯೇರಿತು. 2024ರ ಫೆಬ್ರವರಿಯಲ್ಲಿ ಹುಕ್ಕಾ ನಿಷೇಧವಾಯಿತು, ಏಪ್ರಿಲ್‌ನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2025ರ ಮೇ ಅಂತ್ಯದಲ್ಲಿ ತಿದ್ದುಪಡಿ ಕಾಯ್ದೆ ಬಂದು ತಂಬಾಕು ಕೊಳ್ಳುವ ವಯಸ್ಸು 21ಕ್ಕೆ ಏರಿತು, ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ದಂಡ 1,000 ರೂಪಾಯಿ ಆಯಿತು. ಆದರೆ ಹುಕ್ಕಾ ಬಾರ್‌ಗೆ ವಿಳಾಸ ಇರುತ್ತದೆ, ಬಾಗಿಲಿಗೆ ಬೀಗ ಹಾಕಬಹುದು. ವಾಟ್ಸ್‌ಆ್ಯಪ್ ನಂಬರಿಗೆ ಹಾಕೋಕೆ ಆಗಲ್ಲ.

ಅದಕ್ಕೆ ಬೇರೆ ದಾರಿ ಬೇಕು. ಒಂದು, ದಾಳಿಗಳು ಕಾಲೇಜು ಬ್ಯಾಗಿನಿಂದ ಆಮದಿನ ಕಡೆಗೆ ತಿರುಗಬೇಕು. ಕಸ್ಟಮ್ಸ್, ಪೊಲೀಸ್, ಗೋದಾಮು ಕಂಪನಿಗಳು, ಪಾರ್ಸೆಲ್ ಆ್ಯಪ್‌ಗಳು ಒಟ್ಟಿಗೆ ಕೂರಬೇಕು. ಎರಡು, ಹೊರೆ ಹೊತ್ತ ಡೆಲಿವರಿ ಹುಡುಗನನ್ನೂ ಮಾಲಿನ ಒಡೆಯನನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಮೂರು, ವಶಪಡಿಸಿಕೊಂಡ ದ್ರವವನ್ನು ಸುಮ್ಮನೆ ನಾಶ ಮಾಡದೆ ಲ್ಯಾಬಿಗೆ ಕಳಿಸಿ, ಒಳಗೆ ಏನಿತ್ತು ಅಂತ ಕನ್ನಡದಲ್ಲಿ ಪ್ರಕಟಿಸಬೇಕು. 'ಇದು ಕೆಟ್ಟದ್ದು' ಅನ್ನುವ ಪೋಸ್ಟರ್‌ಗಿಂತ 'ಈ ಬಾಟಲಿಯಲ್ಲಿ ಇದಿತ್ತು' ಅನ್ನುವ ಒಂದು ಸಾಲಿಗೆ ಹೆಚ್ಚು ಬಲ. ನಾಲ್ಕು, ವೇಪ್ ಸಿಕ್ಕಿದ ವಿದ್ಯಾರ್ಥಿಯನ್ನು ಟಿಸಿ ಕೊಟ್ಟು ಕಳಿಸುವ ಬದಲು ಚಟ ಬಿಡಿಸುವ ಆಪ್ತ ಸಮಾಲೋಚನೆಗೆ ಕಳಿಸಬೇಕು. ನಿಕೋಟಿನ್ ಚಟ ಅಂಟಿದವನಿಗೆ ಶಿಕ್ಷೆ ಔಷಧಿಯಲ್ಲ.

ಆ ಸಹಾಯ ಈಗಲೂ ಇದೆ, ಆದರೆ ಬಹಳ ಜನಕ್ಕೆ ಗೊತ್ತಿಲ್ಲ. ರಾಷ್ಟ್ರೀಯ ತಂಬಾಕು ಕ್ವಿಟ್‌ಲೈನ್ 1800-112-356, ಕರೆ ಉಚಿತ. ಅದರ ಒಂದು ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ಇದೆ, ಕನ್ನಡದಲ್ಲೇ ಮಾತಾಡಬಹುದು. ಈ ನಂಬರ್ ಹೊಸಕೋಟೆಯ ಪ್ರತಿ ಕಾಲೇಜಿನ, ಪ್ರತಿ ಗೋದಾಮಿನ ಕ್ಯಾಂಟೀನ್ ಗೋಡೆಯ ಮೇಲೆ ಇರಬೇಕು. ಅದನ್ನು ಅಂಟಿಸೋಕೆ ಯಾವ ಕಾಯ್ದೆ ತಿದ್ದುಪಡಿಯೂ ಬೇಡ.

ಲೋಕಸಭೆಯ ಗಲಾಟೆ ಮುಗಿದಿದೆ. ಮುಂದಿನ ಸಲ ನಿಮ್ಮ ಶಾಸಕರೋ ಸಂಸದರೋ ಕಾಲೇಜಿಗೆ ಬಂದು 'ಡ್ರಗ್ಸ್ ಮುಕ್ತ ಯುವಜನತೆ' ಅಂತ ಭಾಷಣ ಮಾಡಿದರೆ ಮೈಕ್ ತಗೊಂಡು ಒಂದೇ ಒಂದು ಪ್ರಶ್ನೆ ಕೇಳಿ: ಆರು ವರ್ಷದಲ್ಲಿ ಈ ಕಾಯ್ದೆಯಡಿ ನಮ್ಮ ಜಿಲ್ಲೆಯಲ್ಲಿ ಎಷ್ಟು ಆಮದುದಾರರಿಗೆ ಶಿಕ್ಷೆಯಾಗಿದೆ? ಉತ್ತರ ಬರುವವರೆಗೆ ಕೂರಬೇಡಿ.